ರೈತನ ಕೈಗೆ ಲೆಕ್ಕದ ಕಾಗದ: ದೀನಬಂಧು ಸರ್ ಛೋಟೂ ರಾಮ್

ದೆಹಲಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಮುರ್ಥಲ್ ಎಂಬ ಊರು ಅಪರಿಚಿತವೇನಲ್ಲ. ಬೇಸಿಗೆಯ ರಜೆಯಲ್ಲಿ ಶಿಮ್ಲಾಕ್ಕೋ ಚಂಡೀಗಢಕ್ಕೋ ಹೊರಟವರು ಅಲ್ಲಿನ ಢಾಬಾಗಳಲ್ಲಿ ಇಳಿದು, ಬೆಣ್ಣೆ ಹಾಕಿದ ಪರೋಟ ತಿನ್ನದೆ ಮುಂದೆ ಹೋಗುವುದು ಅಪರೂಪ. ಆ ಹೆದ್ದಾರಿಯ ಬದಿಯಲ್ಲಿಯೇ ಒಂದು ವಿಶ್ವವಿದ್ಯಾಲಯದ ಫಲಕ ಕಾಣಿಸುತ್ತದೆ: ದೀನಬಂಧು ಛೋಟೂ ರಾಮ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ. ಈ ಛೋಟೂ ರಾಮ್ ಯಾರು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಉತ್ತರ ಹೇಳಲಾರರು. ಹರಿಯಾಣದ ಯಾವುದೇ ಹಳ್ಳಿಯಲ್ಲಿ ಅದೇ ಪ್ರಶ್ನೆಯನ್ನು ಕೇಳಿದರೆ ಅಲ್ಲಿನ ಹಿರಿಯರು ಮಂಚ ಸರಿಸಿ, ಕೂರಿಸಿ, ಕಥೆ ಹೇಳಲು ತೊಡಗುತ್ತಾರೆ.

ಈ ಲೇಖಕನಿಗೂ ಆ ಹೆಸರು ಪರಿಚಯವಾದದ್ದು ಹಾಗೆಯೇ. 1990ರ ದಶಕದ ಕೊನೆಯಲ್ಲಿ ರೋಹ್ತಕ್ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದಾಗ ವಯಸ್ಸಾದ ರೈತರೊಬ್ಬರು ತಿಂಗಳಿಗೊಮ್ಮೆ ಬಂದು ತಮ್ಮ ಪಾಸ್‌ಬುಕ್ಕನ್ನು ಓದಿಸಿಕೊಳ್ಳುತ್ತಿದ್ದರು. ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಬೇರೆ ಬೇರೆಯಾಗಿ ಹೇಳಬೇಕು. ಹೇಳಿ ಮುಗಿಸಿದ ಮೇಲೆ ತಲೆಯಾಡಿಸಿ, ಇದು ಚೌಧರಿ ಸಾಹೇಬರು ಕೊಡಿಸಿದ ಹಕ್ಕು ಎಂದು ಹೇಳಿ ಹೊರಡುತ್ತಿದ್ದರು. ಆ ಚೌಧರಿ ಸಾಹೇಬರು ತೀರಿಕೊಂಡು ಆಗಲೇ ಐವತ್ತು ವರ್ಷಗಳು ಕಳೆದಿದ್ದವು. ಬಡ್ಡಿಯ ಲೆಕ್ಕವನ್ನು ನೋಡುವುದೇ ವೃತ್ತಿಯಾಗಿರುವವನಿಗೆ ಆ ಮಾತು ಮರೆಯುವಂಥದ್ದಾಗಿರಲಿಲ್ಲ.

ಹುಟ್ಟು, ಬಾಲ್ಯ, ಒಂದು ಅವಮಾನ

ಛೋಟೂ ರಾಮ್ ಅವರು 1881ರ ನವೆಂಬರ್ 24ರಂದು ಅಂದಿನ ಪಂಜಾಬ್ ಪ್ರಾಂತದ ರೋಹ್ತಕ್ ಜಿಲ್ಲೆಯ ಗಢಿ ಸಾಂಪ್ಲಾ ಗ್ರಾಮದಲ್ಲಿ ಸಣ್ಣ ಹಿಡುವಳಿಯ ಜಾಟ್ ರೈತ ಕುಟುಂಬದಲ್ಲಿ ಜನಿಸಿದರು. ತಂದೆ ಸುಖೀರಾಮ್. ಮಗುವಿಗೆ ಇಟ್ಟ ಹೆಸರು ರಾಮ್ ರಿಛ್ಪಾಲ್. ಮನೆಯಲ್ಲಿ ಎಲ್ಲರಿಗಿಂತ ಕಿರಿಯವನಾದ್ದರಿಂದ ಛೋಟೂ ಎಂದು ಕರೆಯುತ್ತಿದ್ದುದೇ ಶಾಲೆಯ ದಾಖಲೆಗೂ ಸೇರಿ, ಮುಂದೆ ಇಡೀ ಪ್ರಾಂತಕ್ಕೆ ಪರಿಚಿತವಾದ ಹೆಸರಾಯಿತು.

ಅವಿಭಜಿತ ಪಂಜಾಬ್ ಎಂದೊಡನೆ ನಮ್ಮ ಕಣ್ಣ ಮುಂದೆ ಐದು ನದಿಗಳು, ಕಾಲುವೆಗಳು, ಗೋಧಿಯ ಹಸಿರು ಬಂದು ನಿಲ್ಲುತ್ತವೆ. ಆಗ್ನೇಯ ಮೂಲೆಯ ರೋಹ್ತಕ್ ಹಾಗಿರಲಿಲ್ಲ. ಬಹುಪಾಲು ಮಳೆಯನ್ನೇ ನಂಬಿದ ಭೂಮಿ. ಮಳೆ ತಪ್ಪಿದ ವರ್ಷ ದನಗಳು ಸಾಯುತ್ತಿದ್ದವು. ದನ ಕೊಳ್ಳಲು ಸಾಲ, ಬೀಜಕ್ಕೆ ಸಾಲ, ಕಂದಾಯ ಕಟ್ಟಲು ಸಾಲ. ವಿಕ್ರಮ ಸಂವತ್ 1956ರ, ಅಂದರೆ 1899-1900ರ ಭೀಕರ ಕ್ಷಾಮವನ್ನು ಆ ಸೀಮೆಯ ಜನ ಇಂದಿಗೂ ಛಪ್ಪನಿಯಾ ಎಂದು ನೆನೆಯುತ್ತಾರೆ. ಆ ಕ್ಷಾಮದ ಕಾಲಕ್ಕೆ ಛೋಟೂ ರಾಮ್ ಅವರಿಗೆ ಹದಿನೆಂಟು ವರ್ಷ.

ಅದಕ್ಕೂ ಮೊದಲು ನಡೆದ ಒಂದು ಘಟನೆಯನ್ನು ಅವರ ಜೀವನಚರಿತ್ರೆ ಬರೆದವರು ತಪ್ಪದೆ ಹೇಳುತ್ತಾರೆ. ಹಳ್ಳಿಯ ಶಾಲೆಯ ಓದು ಮುಗಿದಿತ್ತು. ಹುಡುಗ ಮುಂದೆ ಓದಲು ಬಯಸಿದ್ದ. ಹಣಕ್ಕಾಗಿ ತಂದೆ ಮಗನನ್ನು ಕರೆದುಕೊಂಡು ಸಾಂಪ್ಲಾದ ಸಾಹುಕಾರನ ಅಂಗಡಿಗೆ ಹೋದರು. ಸಾಲದ ಮಾತಿಗೆ ಉತ್ತರ ಕೊಡುವ ಮೊದಲು ಸಾಹುಕಾರನು ಚಾವಣಿಗೆ ತೂಗುಹಾಕಿದ್ದ ಪಂಕದ ಹಗ್ಗವನ್ನು ತಂದೆಯತ್ತ ಎಸೆದು, ಗಾಳಿ ಬೀಸಲು ಸೂಚಿಸಿದನು. ಸಾಹುಕಾರನ ಮಗ ಪಕ್ಕದಲ್ಲಿಯೇ ಸುಮ್ಮನೆ ಕುಳಿತಿದ್ದ. ಸಾಲ ಬೇಕಾಗಿದ್ದ ತಂದೆ ಮರುಮಾತಿಲ್ಲದೆ ಹಗ್ಗಕ್ಕೆ ಕೈ ಹಾಕಿದರು. ಹುಡುಗನು ಮಾತ್ರ ಸಹಿಸದೆ ಪ್ರತಿಭಟಿಸಿದನೆಂದು ಹೇಳುತ್ತಾರೆ. ಮುಂದಿನ ಅವರ ಸಾರ್ವಜನಿಕ ಜೀವನವನ್ನು ನೋಡಿದರೆ ಆ ಹಗ್ಗವನ್ನು ಅವರು ಎಂದೂ ಮರೆಯಲಿಲ್ಲ ಎನಿಸುತ್ತದೆ.

ಓದು ಮತ್ತು ವಕೀಲಿ

ಹಣದ ಅಡಚಣೆಯ ನಡುವೆಯೂ ಅವರು ದೆಹಲಿಗೆ ಬಂದು ಕ್ರಿಶ್ಚಿಯನ್ ಮಿಷನ್ ಶಾಲೆಯನ್ನು ಸೇರಿದರು. ಅಲ್ಲಿ ವಿದ್ಯಾರ್ಥಿನಿಲಯದ ಮೇಲ್ವಿಚಾರಕರ ವಿರುದ್ಧ ಮುಷ್ಕರ ನಡೆಸಿ ಸಹಪಾಠಿಗಳ ನಡುವೆ ನಾಯಕನೆನಿಸಿಕೊಂಡರು. ಆ ಬಳಿಕ ಸೇಂಟ್ ಸ್ಟೀಫನ್ಸ್ ಕಾಲೇಜು. ಕಾಲೇಜಿನ ಓದಿಗೆ ನೆರವಾದವರು ಕಲ್ಕತ್ತಾದಲ್ಲಿ ಸೆಣಬಿನ ವ್ಯಾಪಾರದಿಂದ ಸಿರಿವಂತರಾಗಿದ್ದ ಸೇಠ್ ಛಾಜೂ ರಾಮ್ ಅವರು. ಸಾಲದ ವ್ಯವಸ್ಥೆಯ ವಿರುದ್ಧ ಹೋರಾಡಿದ ವ್ಯಕ್ತಿ ಒಬ್ಬ ಉದಾರ ವ್ಯಾಪಾರಿಯ ಋಣದಲ್ಲಿ ಬೆಳೆದರು ಎಂಬುದನ್ನು ನೆನಪಿಡಬೇಕು. ಅವರ ಜಗಳ ಹಣದೊಂದಿಗಾಗಲಿ ವ್ಯಾಪಾರದೊಂದಿಗಾಗಲಿ ಇರಲಿಲ್ಲ. ಲೆಕ್ಕ ತೋರಿಸದ ಹಣದೊಂದಿಗೆ ಇತ್ತು.

1905ರಲ್ಲಿ ಅವರು ಪದವೀಧರರಾದರು. ಅದೇ ವರ್ಷ ನಮ್ಮ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘವು ಹುಟ್ಟಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ರೈತನ ಸಾಲದ ರೋಗಕ್ಕೆ ದೇಶದ ಬೇರೆ ಬೇರೆ ಮೂಲೆಗಳಲ್ಲಿ ಬೇರೆ ಬೇರೆ ಮದ್ದುಗಳ ಶೋಧ ನಡೆದಿದ್ದ ಕಾಲವದು. ಕಣಗಿನಹಾಳದವರು ತಮ್ಮಲ್ಲಿಯೇ ಹಣ ಕೂಡಿಸುವ ದಾರಿ ಹಿಡಿದರು. ಛೋಟೂ ರಾಮ್ ಅವರು ಮುಂದೆ ಕಾನೂನಿನ ದಾರಿ ಹಿಡಿದರು.

ಪದವಿಯ ನಂತರ ಕಾಲಾಕಾಂಕರ್‌ನ ರಾಜಾ ರಾಮ್‌ಪಾಲ್ ಸಿಂಗ್ ಅವರ ಬಳಿ ಕೆಲವು ಕಾಲ ಕೆಲಸ ಮಾಡಿ, ಆಗ್ರಾದಲ್ಲಿ ಅಧ್ಯಾಪಕರಾಗಿದ್ದುಕೊಂಡೇ ಕಾನೂನು ಓದಿ 1911ರಲ್ಲಿ ಪದವಿ ಪಡೆದರು. 1912ರ ಸುಮಾರಿಗೆ ರೋಹ್ತಕ್‌ಗೆ ಮರಳಿ ವಕೀಲಿ ಆರಂಭಿಸಿದರು. ಜಿಲ್ಲಾ ನ್ಯಾಯಾಲಯದಲ್ಲಿ ದಿನವೂ ಅವರ ಕಣ್ಣಿಗೆ ಬೀಳುತ್ತಿದ್ದುದು ಒಂದೇ ದೃಶ್ಯ: ಹೆಬ್ಬೆಟ್ಟು ಒತ್ತಿದ ಪತ್ರ, ಸಾಹುಕಾರನ ವಹಿ, ಏನೊಂದನ್ನೂ ಓದಲಾರದೆ ನಿಂತ ರೈತ. ರೋಹ್ತಕ್‌ನಲ್ಲಿ ಜಾಟ್ ಸಮುದಾಯದ ಶಾಲೆ ನೆಲೆಗೊಳ್ಳಲು ಅವರು ದುಡಿದರು. 1916ರಲ್ಲಿ ಜಾಟ್ ಗೆಜೆಟ್ ಎಂಬ ಉರ್ದು ವಾರಪತ್ರಿಕೆಯನ್ನು ಆರಂಭಿಸಿ, ರೈತನ ಕಷ್ಟಗಳನ್ನು ರೈತನಿಗೆ ತಿಳಿಯುವ ಮಾತಿನಲ್ಲಿ ಬರೆದರು.

ಸಾಲದ ಒಳಗುಟ್ಟು

ಇಲ್ಲಿ ಸ್ವಲ್ಪ ನಿಂತು ಆ ಸಾಲದ ಸ್ವರೂಪವನ್ನು ನೋಡುವುದು ಅಗತ್ಯ. ಪಂಜಾಬಿನಲ್ಲಿ ಸಹಕಾರ ಇಲಾಖೆಯ ಅಧಿಕಾರಿಯಾಗಿದ್ದ ಮಾಲ್ಕಂ ಡಾರ್ಲಿಂಗ್ ಅವರು 1920ರ ದಶಕದಲ್ಲಿ ನಡೆಸಿದ ಅಧ್ಯಯನದಂತೆ ಭೂಮಾಲೀಕ ರೈತರಲ್ಲಿ ಶೇಕಡಾ 83ರಷ್ಟು ಮಂದಿ ಸಾಲಗಾರರಾಗಿದ್ದರು. ಪ್ರಾಂತದ ಒಟ್ಟು ಕೃಷಿಸಾಲ 1921ರಲ್ಲಿ ಸುಮಾರು 90 ಕೋಟಿ ರೂಪಾಯಿ ಎಂದು ಅವರು ಅಂದಾಜು ಮಾಡಿದ್ದರು. ದಶಕ ಮುಗಿಯುವ ವೇಳೆಗೆ ಪ್ರಾಂತೀಯ ಬ್ಯಾಂಕಿಂಗ್ ವಿಚಾರಣಾ ಸಮಿತಿಯು ಅದು ಸುಮಾರು 135 ಕೋಟಿಗೆ ಏರಿದೆಯೆಂದು ಕಂಡಿತು.

ಬ್ಯಾಂಕಿನಲ್ಲಿ ದುಡಿದವರಿಗೆ ಚಕ್ರಬಡ್ಡಿಯ ಮಾಯೆ ಗೊತ್ತು. ಉದಾಹರಣೆಗೆ, ನೂರು ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇಕಡಾ 24ರ ಚಕ್ರಬಡ್ಡಿ ಎಂದಿಟ್ಟುಕೊಳ್ಳೋಣ. ಮೂರು ವರ್ಷಕ್ಕೆ ಅದು 190 ರೂಪಾಯಿ ದಾಟುತ್ತದೆ. ಹತ್ತು ವರ್ಷ ಬಿಟ್ಟರೆ 859 ರೂಪಾಯಿ. ಒಂದು ಕೆಟ್ಟ ಮಳೆಗಾಲದಲ್ಲಿ ಎತ್ತು ಕೊಳ್ಳಲು ತಂದ ಹಣ ಮೊಮ್ಮಗನ ಕಾಲಕ್ಕೆ ಹೊಲವನ್ನೇ ನುಂಗುವುದು ಹೀಗೆ. ಲೆಕ್ಕವನ್ನು ಬರೆಯುತ್ತಿದ್ದುದು ಸ್ವರಚಿಹ್ನೆಗಳಿಲ್ಲದ ವ್ಯಾಪಾರಿ ಲಿಪಿಯಲ್ಲಿ. ಬರೆದವನಲ್ಲದೆ ಬೇರೆಯವರು ಓದುವುದು ಕಷ್ಟ. ಅಸಲು ಬಡ್ಡಿಯೊಳಗೆ, ಬಡ್ಡಿ ಅಸಲಿನೊಳಗೆ ಬೆರೆತು ಹೋಗುತ್ತಿತ್ತು. ಮಾರುಕಟ್ಟೆಗೆ ಧಾನ್ಯ ತಂದರೆ ತೂಕದಲ್ಲಿ ಕಡಿತ, ದಲ್ಲಾಳಿಯ ಪಾಲು, ಧರ್ಮಕಾರ್ಯದ ಹೆಸರಿನಲ್ಲಿ ಒಂದಿಷ್ಟು. ಎಷ್ಟೋ ವೇಳೆ ಸಾಲ ಕೊಟ್ಟವನೇ ಧಾನ್ಯ ಕೊಳ್ಳುವವನೂ ಆಗಿರುತ್ತಿದ್ದನು.

ಬ್ರಿಟಿಷ್ ಸರ್ಕಾರ ಇದನ್ನು ಅರಿಯದೆ ಇರಲಿಲ್ಲ. ಸೈನ್ಯಕ್ಕೆ ಜನ ದೊರೆಯುತ್ತಿದ್ದುದು ಈ ರೈತ ಕುಟುಂಬಗಳಿಂದ. ಅವರ ಭೂಮಿ ಕೈತಪ್ಪಿದರೆ ಅಸಮಾಧಾನ ಹಬ್ಬೀತೆಂಬ ಭಯದಿಂದ 1900ರಲ್ಲಿ ಪಂಜಾಬ್ ಭೂ ಪರಭಾರೆ ಕಾಯಿದೆಯನ್ನು ತಂದಿತು. 1901ರ ಜೂನ್ 8ರಿಂದ ಜಾರಿಗೆ ಬಂದ ಈ ಕಾಯಿದೆಯು, ಕೃಷಿಕ ಬುಡಕಟ್ಟುಗಳೆಂದು ಹೆಸರಿಸಿದ ಸಮುದಾಯಗಳ ಭೂಮಿಯನ್ನು ಇತರರು ಶಾಶ್ವತವಾಗಿ ಕೊಳ್ಳದಂತೆ ತಡೆಯಿತು. ಆದರೆ ಹಿಂದೆಯೇ ಒತ್ತೆ ಹೋಗಿದ್ದ ಹೊಲಗಳು ಒತ್ತೆಯಲ್ಲಿಯೇ ಉಳಿದವು. ಹೊಸ ವ್ಯವಹಾರಗಳು ಬೇನಾಮಿ ಹೆಸರಿನಲ್ಲಿ ನಡೆದವು. ಸಾಲ ಬೆಳೆಯುತ್ತಲೇ ಹೋಯಿತು.

ಕಾಂಗ್ರೆಸ್ಸಿನಿಂದ ಯೂನಿಯನಿಸ್ಟ್ ಪಕ್ಷಕ್ಕೆ

ಛೋಟೂ ರಾಮ್ ಅವರು 1916ರಿಂದ 1920ರವರೆಗೆ ರೋಹ್ತಕ್ ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಕಾರ್ಯಕ್ರಮ ಬಂದಾಗ ಭಿನ್ನಾಭಿಪ್ರಾಯದಿಂದ ಹೊರಬಂದರು. ಕಂದಾಯ ನಿರಾಕರಣೆಯಂತಹ ಹೋರಾಟದಲ್ಲಿ ವಕೀಲನು ಕಳೆದುಕೊಳ್ಳುವುದು ಕೆಲವು ತಿಂಗಳ ವೃತ್ತಿ, ರೈತನು ಕಳೆದುಕೊಳ್ಳುವುದು ಹೊಲವನ್ನೇ ಎಂಬುದು ಅವರ ವಾದವಾಗಿತ್ತು. ಈ ನಿರ್ಧಾರವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಎರಡೂ ಮಹಾಯುದ್ಧಗಳಲ್ಲಿ ಅವರು ಸೈನ್ಯ ಭರ್ತಿಗೆ ನೆರವಾದದ್ದು, 1937ರಲ್ಲಿ ಸರ್ ಪದವಿ ಪಡೆದದ್ದು, ಸರ್ಕಾರದೊಳಗಿದ್ದೇ ಕೆಲಸ ಮಾಡಿಸಿಕೊಳ್ಳುವ ಹಾದಿ ಹಿಡಿದದ್ದು ಇವೆಲ್ಲವೂ ರಾಷ್ಟ್ರೀಯ ಹೋರಾಟದ ಇತಿಹಾಸದಲ್ಲಿ ಅವರ ಹೆಸರನ್ನು ಬದಿಗೆ ಸರಿಸಿದವು.

1923ರಲ್ಲಿ ಅವರು ಪಂಜಾಬ್ ಶಾಸನ ಪರಿಷತ್ತಿಗೆ ಆಯ್ಕೆಯಾದರು. ಸರ್ ಫಜಲ್-ಇ-ಹುಸೇನ್ ಅವರ ಜೊತೆಗೂಡಿ ಯೂನಿಯನಿಸ್ಟ್ ಪಕ್ಷವನ್ನು ಕಟ್ಟಿದರು. ಈ ಪಕ್ಷದ ವಿಶೇಷವನ್ನು ಇಂದಿನ ಓದುಗರು ಗಮನಿಸಬೇಕು. ಪಶ್ಚಿಮ ಪಂಜಾಬಿನ ಮುಸ್ಲಿಂ ಕೃಷಿಕ, ಮಧ್ಯ ಪಂಜಾಬಿನ ಸಿಖ್ ಕೃಷಿಕ, ರೋಹ್ತಕ್ ಕಡೆಯ ಹಿಂದೂ ಕೃಷಿಕ ಇವರೆಲ್ಲರ ದೇವರುಗಳು ಬೇರೆಯಾದರೂ ಸಾಲದ ವಹಿ ಒಂದೇ ಎಂಬ ನಂಬಿಕೆಯ ಮೇಲೆ ಅದು ನಿಂತಿತ್ತು. ಸ್ವತಃ ಆರ್ಯಸಮಾಜದ ಅನುಯಾಯಿಯಾಗಿದ್ದ ಛೋಟೂ ರಾಮ್ ಅವರಿಗೆ ಮುಸ್ಲಿಂ ರೈತರ ನಡುವೆಯೂ ಅಪಾರ ಗೌರವವಿತ್ತು. ಹಿಂದೂಗಳು ದೀನಬಂಧು ಎಂದರೆ ಉರ್ದು ಬಲ್ಲವರು ರಹಬರ್-ಎ-ಆಜಂ, ಅಂದರೆ ಮಹಾ ಮಾರ್ಗದರ್ಶಿ ಎಂದು ಕರೆದರು.

1924ರಿಂದ 1926ರವರೆಗೆ ಸಚಿವರಾಗಿದ್ದ ಅವರು, ಅನಂತರದ ಹತ್ತು ವರ್ಷ ಶಾಸನ ಪರಿಷತ್ತಿನಲ್ಲಿ ಪಕ್ಷದ ನಾಯಕರಾಗಿ ದುಡಿದರು. ಪಕ್ಷದಲ್ಲಿ ದೊಡ್ಡ ಜಮೀನುದಾರರ ಕೈ ಮೇಲಾಗಿತ್ತು ಎಂಬುದು ನಿಜ. ಅವರ ನಡುವೆ ಸಣ್ಣ ಹಿಡುವಳಿಯವನ ದನಿಯಾಗಿ ಉಳಿದವರು ಛೋಟೂ ರಾಮ್.

ಕಾನೂನುಗಳ ಕಾಲ

ಸಾಹುಕಾರಿಕೆಯನ್ನು ಹತೋಟಿಗೆ ತರುವ ಮೊದಲ ಪ್ರಯತ್ನಗಳು ಫಲಿಸಲಿಲ್ಲ. ಕೊನೆಗೆ ಬಂದ ಪಂಜಾಬ್ ಲೆಕ್ಕಪತ್ರ ನಿಯಂತ್ರಣ ಕಾಯಿದೆ, 1930, ಮೇಲ್ನೋಟಕ್ಕೆ ಅತಿ ಸಾಧಾರಣವಾಗಿತ್ತು. ಸಾಲ ಕೊಟ್ಟವನು ಪ್ರತಿ ಸಾಲಗಾರನಿಗೂ ಪ್ರತ್ಯೇಕ ಲೆಕ್ಕವಿಡಬೇಕು; ಅಸಲು ಮತ್ತು ಬಡ್ಡಿಯನ್ನು ಬೇರೆ ಬೇರೆಯಾಗಿ ತೋರಿಸಬೇಕು; ಆರು ತಿಂಗಳಿಗೊಮ್ಮೆ ಲೆಕ್ಕದ ವಿವರವನ್ನು ಸಾಲಗಾರನಿಗೆ ಕೊಡಬೇಕು. ತಪ್ಪಿದರೆ ನ್ಯಾಯಾಲಯವು ಬಡ್ಡಿಯನ್ನು ತಳ್ಳಿಹಾಕಬಹುದಾಗಿತ್ತು. ಇಂದು ಬ್ಯಾಂಕುಗಳು ಗ್ರಾಹಕರಿಗೆ ಕೊಡುವ ಖಾತೆಯ ವಿವರಪಟ್ಟಿಯನ್ನು ನಾವು ಓದದೆ ಕಪಾಟಿಗೆ ಹಾಕುತ್ತೇವೆ. ಆ ಒಂದು ಕಾಗದಕ್ಕಾಗಿ ಶಾಸನಸಭೆಯಲ್ಲಿ ವರ್ಷಗಟ್ಟಲೆ ಹೋರಾಡಬೇಕಾಗಿತ್ತು. ನಮ್ಮ ರೋಹ್ತಕ್ ಶಾಖೆಯ ಆ ಹಿರಿಯ ರೈತರು ಹಕ್ಕು ಎಂದು ಕರೆದದ್ದು ಇದನ್ನೇ.

ಅಷ್ಟರಲ್ಲಿ ಜಾಗತಿಕ ಆರ್ಥಿಕ ಕುಸಿತ ಬಂದಿತು. 1929ರ ನಂತರ ಎರಡು ವರ್ಷಗಳಲ್ಲಿ ಗೋಧಿಯ ಬೆಲೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಬೆಲೆ ಇಳಿದರೂ ಸಾಲದ ರೂಪಾಯಿ ಇಳಿಯುವುದಿಲ್ಲ. ಮಣಕ್ಕೆ ನಾಲ್ಕು ರೂಪಾಯಿ ಇದ್ದಾಗ ನೂರು ರೂಪಾಯಿ ತೀರಿಸಲು ಇಪ್ಪತ್ತೈದು ಮಣ ಗೋಧಿ ಸಾಕು. ಎರಡು ರೂಪಾಯಿಗೆ ಇಳಿದರೆ ಐವತ್ತು ಮಣ ಬೇಕು. ರೈತನು ಹೊಸ ಸಾಲ ಮಾಡದಿದ್ದರೂ ಅವನ ಸಾಲದ ಹೊರೆ ಇಮ್ಮಡಿಯಾಯಿತು. ರೈತರ ಅಸಮಾಧಾನವು ರಾಜಕೀಯ ಬಲವಾಗಿ ತಿರುಗಿದ ಗಳಿಗೆ ಇದು. ಯೂನಿಯನಿಸ್ಟರು ಇದುವರೆಗೆ ಬೇಡಿಕೊಳ್ಳುತ್ತಿದ್ದುದನ್ನು ಈಗ ಒತ್ತಾಯಿಸಿ ಪಡೆಯತೊಡಗಿದರು.

1934ರ ಋಣ ಪರಿಹಾರ ಕಾಯಿದೆಯು ದಾಮ್‌ದುಪಟ್ ಎಂಬ ಹಳೆಯ ನ್ಯಾಯವನ್ನು ಪಂಜಾಬಿನ ಸಾಲಗಳಿಗೆ ಅನ್ವಯಿಸಿತು. ನಮ್ಮ ದುಪ್ಪಟ್ಟು ಎಂಬ ಮಾತೇ ಅದರಲ್ಲಿದೆ: ಅಸಲಿನ ಎರಡರಷ್ಟಕ್ಕಿಂತ ಹೆಚ್ಚನ್ನು ನ್ಯಾಯಾಲಯ ಕೊಡಿಸಬಾರದು. ಸಾಲ ಸಂಧಾನ ಮಂಡಳಿಗಳು ಏರ್ಪಟ್ಟವು. ದುರುದ್ದೇಶವಿಲ್ಲದ ಸಾಲಗಾರನನ್ನು ಸೆರೆಮನೆಗೆ ಕಳಿಸುವುದಕ್ಕೆ ತಡೆ ಬಿತ್ತು. 1936ರ ಸಾಲಗಾರರ ರಕ್ಷಣಾ ಕಾಯಿದೆಯು ಹೊಲದಲ್ಲಿ ನಿಂತ ಬೆಳೆಯ ಜಪ್ತಿಗೆ ತಡೆ ಹಾಕಿತು.

1936ರಲ್ಲಿ ಫಜಲ್-ಇ-ಹುಸೇನ್ ತೀರಿಕೊಂಡರು. ಮರುವರ್ಷದ ಚುನಾವಣೆಯಲ್ಲಿ ಪಕ್ಷವು ಬಹುಮತ ಗಳಿಸಿ, ಸರ್ ಸಿಕಂದರ್ ಹಯಾತ್ ಖಾನ್ ಪ್ರಧಾನಿಯಾದರು. ಪ್ರಾಂತೀಯ ಸರ್ಕಾರದ ಮುಖ್ಯಸ್ಥರನ್ನು ಆಗ ಹಾಗೆಂದೇ ಕರೆಯುತ್ತಿದ್ದರು. ಛೋಟೂ ರಾಮ್ ಅವರು ಅಭಿವೃದ್ಧಿ ಸಚಿವರಾಗಿ, ಮುಂದೆ ಕಂದಾಯ ಸಚಿವರಾಗಿ ಕೆಲಸ ಮಾಡಿದರು. 1938ರಲ್ಲಿ ಕಾನೂನುಗಳು ಒಂದರ ಹಿಂದೊಂದು ಬಂದವು. ಸಾಹುಕಾರರ ನೋಂದಣಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಸಾಲ ವಸೂಲಿಗೆ ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ಬೇನಾಮಿ ವ್ಯವಹಾರಗಳಿಗೆ ತಡೆ ಬಿತ್ತು. ಎಲ್ಲಕ್ಕಿಂತ ದೊಡ್ಡದು ಒತ್ತೆ ಭೂಮಿ ಮರಳಿಸುವ ಕಾಯಿದೆ. 1901ರ ಜೂನ್ 8ಕ್ಕಿಂತ ಹಿಂದೆ ಒತ್ತೆಯಾಗಿ, ಇನ್ನೂ ಬಿಡಿಸಿಕೊಳ್ಳಲಾಗದೆ ಉಳಿದಿದ್ದ ಹೊಲಗಳಿಗೆ ಇದು ಅನ್ವಯಿಸಿತು. ಒತ್ತೆ ಹಿಡಿದವನು ಆ ಭೂಮಿಯಿಂದ ಅಸಲಿನ ಎರಡರಷ್ಟು ಲಾಭವನ್ನು ಈಗಾಗಲೇ ಉಂಡಿದ್ದರೆ, ಮತ್ತೇನೂ ಕೊಡದೆ ಭೂಮಿ ಮೂಲ ಮಾಲೀಕನ ಕುಟುಂಬಕ್ಕೆ ಮರಳಬೇಕು. ಅಜ್ಜ ಕಳೆದುಕೊಂಡ ಹೊಲದಲ್ಲಿ ಮೊಮ್ಮಕ್ಕಳು ಮತ್ತೆ ನೇಗಿಲು ಹೂಡಿದರು.

1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯು ಮಂಡಿಗಳನ್ನು ಸಮಿತಿಗಳ ಆಡಳಿತಕ್ಕೆ ಒಳಪಡಿಸಿ, ಅವುಗಳಲ್ಲಿ ಬೆಳೆಗಾರರಿಗೆ ಸ್ಥಾನ ನೀಡಿತು. ಮನಬಂದ ಕಡಿತಗಳನ್ನು ನಿಲ್ಲಿಸಿತು. 1941ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದಿತು. ರೈತರು ಇವನ್ನು ಸುವರ್ಣ ಕಾನೂನುಗಳೆಂದರು; ನಗರದ ವರ್ತಕರು ಕರಾಳ ಕಾನೂನುಗಳೆಂದು ಕರೆದು ಸಭೆ, ಹರತಾಳ ನಡೆಸಿದರು.

ಕಾನೂನು ತಲುಪದ ಕಡೆ

ಗೌರವದಿಂದ ಬರೆಯುವ ಚರಿತ್ರೆಯಲ್ಲಿಯೂ ಕೊರತೆಗಳನ್ನು ಹೇಳಬೇಕಾಗುತ್ತದೆ. ಯಾರು ಕೃಷಿಕ ಎಂಬುದನ್ನು 1900ರ ಕಾಯಿದೆಯು ದುಡಿಮೆಯಿಂದ ನಿರ್ಧರಿಸಲಿಲ್ಲ, ಜಾತಿಯಿಂದ ನಿರ್ಧರಿಸಿತು. ಹೊಲದಲ್ಲಿ ತಲೆಮಾರುಗಳಿಂದ ಬೆವರು ಸುರಿಸಿದ ದಲಿತ ಕೂಲಿಕಾರನು ಆ ಪಟ್ಟಿಯಲ್ಲಿ ಇರಲಿಲ್ಲ. ನಾಲ್ಕು ಕಾಸು ಉಳಿಸಿದರೂ ಕೃಷಿಕ ಸಮುದಾಯದವನ ಭೂಮಿಯನ್ನು ಅವನು ಕೊಳ್ಳುವಂತಿರಲಿಲ್ಲ. ಛೋಟೂ ರಾಮ್ ಅವರ ಸುಧಾರಣೆಗಳು ಈ ಗೋಡೆಯೊಳಗೇ ನಡೆದವು. ಸಿರಿವಂತ ಕೃಷಿಕನೇ ಸಾಹುಕಾರನಾದರೆ ಏನು ಮಾಡಬೇಕೆಂಬ ಪ್ರಶ್ನೆಯೂ ಪೂರ್ತಿಯಾಗಿ ಬಗೆಹರಿಯಲಿಲ್ಲ. ಹಳೆಯ ಸಾಲದಾತನು ಕೈ ಹಿಂದೆಗೆದುಕೊಂಡಾಗ ಹೊಸ ಸಾಲ ಎಲ್ಲಿಂದ ಬರಬೇಕೆಂಬ ಟೀಕಾಕಾರರ ಮಾತನ್ನೂ ಬ್ಯಾಂಕಿನ ಅನುಭವವಿರುವವರು ಸುಲಭವಾಗಿ ತಳ್ಳಿಹಾಕಲಾರರು. 1943ರಲ್ಲಿ, ಬಂಗಾಳವು ಕ್ಷಾಮದಿಂದ ನರಳುತ್ತಿದ್ದಾಗ, ಅವರು ಗೋಧಿಯ ಬೆಲೆ ನಿಯಂತ್ರಣವನ್ನು ವಿರೋಧಿಸಿದ್ದೂ ಟೀಕೆಗೆ ಗುರಿಯಾಯಿತು. ಬೆಲೆ ಕುಸಿದಾಗ ಯಾರೂ ರೈತನನ್ನು ಕೇಳಲಿಲ್ಲ, ಏರಿದಾಗ ಮಾತ್ರ ತಡೆಯುವುದೇಕೆ ಎಂಬುದು ಅವರ ನಿಲುವು. ಬೆಳೆದವನ ಹಸಿವಿಗೂ ಕೊಂಡು ತಿನ್ನುವವನ ಹಸಿವಿಗೂ ನಡುವಿನ ಆ ಇಕ್ಕಟ್ಟು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಕೊನೆಯ ದಿನಗಳು

1942ರ ಕೊನೆಯಲ್ಲಿ ಸಿಕಂದರ್ ಹಯಾತ್ ಖಾನ್ ಹಠಾತ್ತನೆ ನಿಧನರಾದರು. ಖಿಜರ್ ಹಯಾತ್ ಟಿವಾಣಾ ಅವರು ಪ್ರಧಾನಿಯಾದರು. ಮುಸ್ಲಿಂ ಲೀಗಿನ ಒತ್ತಡ ದಿನದಿನಕ್ಕೆ ಹೆಚ್ಚಿತು. 1944ರಲ್ಲಿ ಜಿನ್ನಾ ಅವರು ಯೂನಿಯನಿಸ್ಟ್ ಎಂಬ ಹೆಸರನ್ನೇ ಕೈಬಿಡಬೇಕೆಂದು ಪಟ್ಟು ಹಿಡಿದಾಗ ಖಿಜರ್ ಒಪ್ಪಲಿಲ್ಲ. ಅವರ ಬೆನ್ನಿಗೆ ಗಟ್ಟಿಯಾಗಿ ನಿಂತವರು ಛೋಟೂ ರಾಮ್. ದೇಹ ಬಳಲಿದ್ದರೂ ಊರೂರು ತಿರುಗಿ, ಧರ್ಮದ ಹೆಸರಿನಲ್ಲಿ ಪಂಜಾಬನ್ನು ಒಡೆಯಬಾರದೆಂದು ರೈತರಿಗೆ ತಿಳಿಹೇಳಿದರು.

ಅವರ ಮತ್ತೊಂದು ಕನಸು ಸಟ್ಲೆಜ್ ನದಿಗೆ ಭಾಕ್ರಾದಲ್ಲಿ ಅಣೆಕಟ್ಟು. ಮಳೆಯನ್ನು ನಂಬಿ ಸೋತ ರೋಹ್ತಕ್ ಮತ್ತು ಹಿಸ್ಸಾರ್ ಸೀಮೆಗೆ ನೀರು ತರಲು ಬೇರೆ ದಾರಿಯಿರಲಿಲ್ಲ. ಮುಳುಗಡೆಯಾಗಬೇಕಿದ್ದ ಭೂಮಿ ಬಿಲಾಸಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಅರಸರೊಡನೆ ಒಪ್ಪಂದ ಮಾಡಿಕೊಳ್ಳುವ ಕೆಲಸದಲ್ಲಿಯೇ ಅವರ ಕೊನೆಯ ತಿಂಗಳುಗಳು ಕಳೆದವು. 1945ರ ಜನವರಿ 9ರಂದು ಲಾಹೋರಿನಲ್ಲಿ ಅವರು ಕೊನೆಯುಸಿರೆಳೆದರು. ಅಂತ್ಯಕ್ರಿಯೆ ರೋಹ್ತಕ್‌ನಲ್ಲಿ ನಡೆಯಿತು.

ಮರುವರ್ಷದ ಚುನಾವಣೆಯಲ್ಲಿ ಯೂನಿಯನಿಸ್ಟ್ ಪಕ್ಷ ಕುಸಿಯಿತು. 1947ರಲ್ಲಿ ಪಂಜಾಬ್ ಎರಡಾಯಿತು. ಒಂದೇ ಕಾಯಿದೆಯಿಂದ ಹೊಲ ಮರಳಿ ಪಡೆದಿದ್ದ ರೈತರು ಗಡಿಯ ಎರಡೂ ಬದಿಯಲ್ಲಿ ಅದೇ ಹೊಲಗಳನ್ನು ಬಿಟ್ಟು ಓಡಬೇಕಾಯಿತು. ಇಪ್ಪತ್ತು ವರ್ಷ ಕಟ್ಟಿದ ಒಗ್ಗಟ್ಟನ್ನು ಎರಡು ವರ್ಷಗಳು ಅಳಿಸಿಹಾಕಿದವು. ಛೋಟೂ ರಾಮ್ ಅವರು ಇನ್ನು ಕೆಲವು ವರ್ಷ ಬದುಕಿದ್ದರೆ ಏನಾಗುತ್ತಿತ್ತು ಎಂದು ಹರಿಯಾಣದ ಹಿರಿಯರು ಈಗಲೂ ಚರ್ಚಿಸುವುದುಂಟು. ಅದಕ್ಕೆ ಉತ್ತರ ಕೊಡುವುದು ಯಾರಿಗೂ ಸಾಧ್ಯವಿಲ್ಲ.

ಆದರೆ ಅವರ ಕೆಲಸ ಪೂರ್ತಿ ಅಳಿಯಲಿಲ್ಲ. ಭಾಕ್ರಾ ಅಣೆಕಟ್ಟನ್ನು 1963ರ ಅಕ್ಟೋಬರ್ 22ರಂದು ಪಂಡಿತ ನೆಹರೂ ಅವರು ರಾಷ್ಟ್ರಕ್ಕೆ ಅರ್ಪಿಸಿದರು. ಒಣಗಿದ್ದ ಸೀಮೆಗೆ ನೀರು ಬಂದಿತು. ದೆಹಲಿಯ ನಲ್ಲಿಗಳಲ್ಲಿ ನಾವು ಹಿಡಿಯುವ ನೀರಿನಲ್ಲಿಯೂ ಭಾಕ್ರಾದ ಒಂದು ಪಾಲಿದೆ. 2018ರ ಅಕ್ಟೋಬರ್ 9ರಂದು ಗಢಿ ಸಾಂಪ್ಲಾದಲ್ಲಿ ಅವರ 64 ಅಡಿ ಎತ್ತರದ ಪ್ರತಿಮೆಯನ್ನು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದರು. ಬಹಾದುರ್‌ಗಢ ದಾಟಿ ರೋಹ್ತಕ್ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಾಂಪ್ಲಾ ಸಿಗುತ್ತದೆ. ಭಾನುವಾರದ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಮಧ್ಯಾಹ್ನದೊಳಗೆ ಮರಳಬಹುದು.

ಹೋದಾಗ ಪ್ರತಿಮೆಯ ಎತ್ತರದ ಜೊತೆಗೆ ಆ ಪಂಕದ ಹಗ್ಗದ ಕಥೆಯನ್ನೂ, ಆರು ತಿಂಗಳಿಗೊಮ್ಮೆ ರೈತನ ಕೈಗೆ ಬರಬೇಕಾದ ಆ ಲೆಕ್ಕದ ಕಾಗದದ ಕಥೆಯನ್ನೂ ಮಕ್ಕಳಿಗೆ ಹೇಳೋಣ. ನಾವು ಹಲವು ದಶಕಗಳಿಂದ ಅನ್ನ ಉಣ್ಣುತ್ತಿರುವ ಈ ನೆಲದ ಹಿರಿಯರೊಬ್ಬರಿಗೆ ಅದು ನಮ್ಮ ಪುಟ್ಟ ನಮನವಾದೀತು.